ಮುಂಗೋ ಸರೋವರ: ನೀರಿಲ್ಲದ ಕೆರೆಯ ದಂಡೆಯಲ್ಲಿ ನಲವತ್ತು ಸಾವಿರ ವರ್ಷ

ಆಸ್ಟ್ರೇಲಿಯದ ಭೂಪಟದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ನೈರುತ್ಯ ಭಾಗವನ್ನು ನೋಡಿದರೆ 'ಮುಂಗೋ ಸರೋವರ' ಎಂಬ ಹೆಸರು ನಿಮ್ಮ ಕಣ್ಣಿಗೆ ಬೀಳುತ್ತದೆ. ಹೆಸರನ್ನು ನಂಬಿ ಹೊರಟವರಿಗೆ ಅಲ್ಲಿ ಒಂದು ಬೊಗಸೆ ನೀರೂ ಸಿಗುವುದಿಲ್ಲ. ಕುರುಚಲು ಗಿಡಗಳು ಬೆಳೆದ ಚಪ್ಪಟೆ ಬಯಲು, ಅದರ ಪೂರ್ವದ ಅಂಚಿನಲ್ಲಿ ಮೂವತ್ತು ಕಿಲೋಮೀಟರಿಗೂ ಉದ್ದವಾಗಿ ಬಾಗಿ ನಿಂತ ಮರಳು-ಜೇಡಿಮಣ್ಣಿನ ದಿಬ್ಬ, ಇಷ್ಟೇ ಅಲ್ಲಿರುವುದು. ಆದರೂ 1981ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಬಯಲನ್ನೂ ಇದರ ನೆರೆಯ ಒಣ ಸರೋವರಗಳನ್ನೂ ಸೇರಿಸಿ 'ವಿಲಾಂಡ್ರ ಸರೋವರ ಪ್ರದೇಶ' ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಸರ್ಗದ ದೃಷ್ಟಿಯಿಂದಲೂ ಸಂಸ್ಕೃತಿಯ ದೃಷ್ಟಿಯಿಂದಲೂ ಮಹತ್ತ್ವ ಪಡೆದ ಕೆಲವೇ ತಾಣಗಳಲ್ಲಿ ಇದೂ ಒಂದು. ಇದರ ವಿಸ್ತೀರ್ಣ ಸುಮಾರು 2,400 ಚದರ ಕಿಲೋಮೀಟರು.

ಇಲ್ಲಿ ನಲವತ್ತು ಸಾವಿರ ವರ್ಷಗಳ ಹಿಂದೆ ಸತ್ತ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷನ ಅವಶೇಷಗಳು ದೊರೆತವು. ಅವು ಅಷ್ಟು ಹಳೆಯವೆಂದು ತಿಳಿದದ್ದು ಹೇಗೆ? ಇದು ಭೌತವಿಜ್ಞಾನದ ಪ್ರಶ್ನೆ. ಅವನ್ನು ಅಳೆಯಲು ಪ್ರಯೋಗಾಲಯಕ್ಕೆ ಒಯ್ಯುವ ಮೊದಲು ಯಾರನ್ನು ಕೇಳಬೇಕಿತ್ತು? ಇದು ಯಾವ ಉಪಕರಣವೂ ಉತ್ತರಿಸದ ಪ್ರಶ್ನೆ. ಮುಂಗೋದ ಇತಿಹಾಸದಲ್ಲಿ ಈ ಎರಡು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ವಿಜ್ಞಾನವನ್ನು ಕಲಿಸುವವರೂ ಕಲಿಯುವವರೂ ಈ ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

ನೀರು ಇದ್ದಾಗ, ನೀರು ಹೋದಾಗ

ಮೊದಲು ಸರೋವರದ ಕಥೆ. ಹಿಮಯುಗದ ಕಾಲದಲ್ಲಿ ಪೂರ್ವದ ಪರ್ವತಗಳಿಂದ ಹರಿದು ಬರುವ ಲಾಕ್ಲನ್ ನದಿಯ ಒಂದು ಕವಲು ಈ ಬಯಲಿನಲ್ಲಿ ಹಾದು ಹೋಗುತ್ತಿತ್ತು. ಅದೇ ವಿಲಾಂಡ್ರ ಹಳ್ಳ. ಅದು ಒಂದಾದ ಮೇಲೊಂದರಂತೆ ಸರೋವರಗಳನ್ನು ತುಂಬುತ್ತ ಸಾಗುತ್ತಿತ್ತು. ನಮ್ಮ ಕಡೆ ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವ ಕೆರೆಗಳ ಸರಣಿಯನ್ನು ನೀವು ಕಂಡಿರಬಹುದು. ಇದೂ ಹೆಚ್ಚುಕಡಿಮೆ ಅಂತಹುದೇ. ವ್ಯತ್ಯಾಸವೆಂದರೆ ಅಲ್ಲಿ ಕಟ್ಟೆ ಕಟ್ಟಿದವರು ಯಾರೂ ಇರಲಿಲ್ಲ. ಮುಂಗೋ ಈ ಸರಣಿಯಲ್ಲಿ ಮುಖ್ಯ ಹರಿವಿನಿಂದ ಸ್ವಲ್ಪ ಪಕ್ಕಕ್ಕಿದ್ದ ಸರೋವರ. ಮೇಲಿನ ಸರೋವರ ತುಂಬಿ ಹರಿದಾಗ ಮಾತ್ರ ಇದಕ್ಕೆ ನೀರು ದೊರೆಯುತ್ತಿತ್ತು. ಆದ್ದರಿಂದ ವಾಯುಗುಣದಲ್ಲಿ ಚಿಕ್ಕ ಏರುಪೇರಾದರೂ ಮುಂಗೋ ಬೇಗ ತುಂಬುತ್ತಿತ್ತು, ಬೇಗ ಒಣಗುತ್ತಿತ್ತು.

ಪಶ್ಚಿಮದಿಂದ ಬೀಸುವ ಗಾಳಿ ಈ ಏರುಪೇರುಗಳನ್ನೆಲ್ಲ ಪೂರ್ವದ ದಂಡೆಯಲ್ಲಿ ದಾಖಲು ಮಾಡಿತು. ಸರೋವರ ತುಂಬಿದ್ದಾಗ ಅಲೆಗಳು ದಂಡೆಗೆ ಶುದ್ಧವಾದ ಮರಳನ್ನು ತಂದು ಹಾಕುತ್ತಿದ್ದವು; ಗಾಳಿ ಅದನ್ನು ಎತ್ತಿ ದಿಬ್ಬದ ಮೇಲೆ ಹರಡುತ್ತಿತ್ತು. ನೀರು ಇಳಿದು ತಳ ಒಣಗಿದಾಗ ಉಪ್ಪು ಕಟ್ಟಿದ ಜೇಡಿಮಣ್ಣು ಸಣ್ಣ ಸಣ್ಣ ಉಂಡೆಗಳಾಗಿ ಒಡೆಯುತ್ತಿತ್ತು. ಆಗ ಗಾಳಿ ಆ ಉಂಡೆಗಳನ್ನು ಹೊತ್ತು ತರುತ್ತಿತ್ತು. ಹೀಗೆ ಮರಳಿನ ಪದರವೆಂದರೆ ನೀರಿದ್ದ ಕಾಲ, ಜೇಡಿಯ ಪದರವೆಂದರೆ ಬತ್ತಿದ ಕಾಲ. ದಂಡೆಯಲ್ಲಿ ಬೆಳೆದ ಈ ಅರ್ಧಚಂದ್ರಾಕಾರದ ದಿಬ್ಬವನ್ನು ಭೂವಿಜ್ಞಾನಿಗಳು 'ಲ್ಯೂನೆಟ್' ಎನ್ನುತ್ತಾರೆ. ಮುಂಗೋದ ದಿಬ್ಬಕ್ಕೆ 'ಚೀನಾದ ಗೋಡೆಗಳು' ಎಂಬ ಅಡ್ಡಹೆಸರೂ ಇದೆ.

ಸುಮಾರು 18,500 ವರ್ಷಗಳ ಹಿಂದಿನ ಹೊತ್ತಿಗೆ ಈ ಸರೋವರಗಳು ಪೂರ್ತಿಯಾಗಿ ಬತ್ತಿದವು. ಗಿಡಗಂಟಿ ಬೆಳೆದು ದಿಬ್ಬ ಸ್ಥಿರವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ವಲಸಿಗರು ಕುರಿಗಳನ್ನು ತಂದರು, ಮೊಲಗಳು ಬಂದವು. ಹಸಿರಿನ ಹೊದಿಕೆ ಹರಿಯಿತು. ಮಳೆ ಗಾಳಿಗೆ ದಿಬ್ಬ ಕೊರೆಯತೊಡಗಿತು. ಹೀಗೆ ಸವೆದು ಹೋಗುತ್ತಿದ್ದ ದಿಬ್ಬದ ಹೊಟ್ಟೆಯಿಂದಲೇ ಹಳೆಯ ಕಥೆ ಹೊರಬಂದಿತು. ಹಾನಿಯೇ ಇಲ್ಲಿ ಶೋಧಕ್ಕೆ ದಾರಿ ಮಾಡಿತು ಎಂಬುದನ್ನು ನೆನಪಿಡಬೇಕು.

1968: ಸುಟ್ಟ ಮೂಳೆಗಳು

1968ರಲ್ಲಿ ಜಿಮ್ ಬೌಲರ್ ಎಂಬ ಭೂವಿಜ್ಞಾನಿ ಈ ದಿಬ್ಬಗಳ ಪದರಗಳನ್ನು ಅಧ್ಯಯನ ಮಾಡುತ್ತಿದ್ದರು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದ ಅವರಿಗೆ ಬೇಕಾಗಿದ್ದುದು ಹಿಮಯುಗದ ವಾಯುಗುಣದ ದಾಖಲೆ. ಮನುಷ್ಯರನ್ನು ಹುಡುಕಲು ಅವರು ಹೋಗಿರಲಿಲ್ಲ. ಹಳೆಯ ಮರಳಿನ ಪದರದ ಮೇಲೆ ಸುಟ್ಟ ಮೂಳೆಗಳ ಒಂದು ಗುಂಪು ಅವರಿಗೆ ಕಾಣಿಸಿತು. ಮರುವರ್ಷ ಜಾನ್ ಮಲ್ವೇನಿ, ರಿಸ್ ಜೋನ್ಸ್ ಮೊದಲಾದ ಪುರಾತತ್ತ್ವಜ್ಞರು ಸ್ಥಳಕ್ಕೆ ಬಂದರು. ಪರಿಶೀಲಿಸಿದಾಗ ಅವು ಮನುಷ್ಯನ ಮೂಳೆಗಳೆಂದು ತಿಳಿಯಿತು. ಮಲ್ವೇನಿ ತಮ್ಮ ಸೂಟ್‌ಕೇಸನ್ನು ಖಾಲಿ ಮಾಡಿ ಅದರಲ್ಲಿ ಅವನ್ನು ಇಟ್ಟು ಕ್ಯಾನ್‌ಬೆರಾಗೆ ಒಯ್ದರು.

ಅಲ್ಲಿ ಅಲನ್ ಥಾರ್ನ್ ನೂರಾರು ಚೂರುಗಳನ್ನು ತಾಳ್ಮೆಯಿಂದ ಜೋಡಿಸಿದರು. ಅದು ಒಬ್ಬ ಯುವತಿಯ ದೇಹ. ಸತ್ತ ಮೇಲೆ ಆಕೆಯನ್ನು ದಹಿಸಿದ್ದರು. ಉಳಿದ ಮೂಳೆಗಳನ್ನು ಒಡೆದು, ಮತ್ತೊಮ್ಮೆ ಸುಟ್ಟು, ಆಯ್ದು ಒಂದು ಚಿಕ್ಕ ಗುಂಡಿಯಲ್ಲಿ ಹೂಳಿದ್ದರು. ಚಿತೆ ಆರಿದ ಮೇಲೆ ಅಸ್ಥಿಸಂಚಯನ ಮಾಡುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಂಸ್ಕೃತಿಗಳಿಗೂ ಸಂಬಂಧವಿದೆ ಎಂದು ಇದರಿಂದ ತಿಳಿಯಬಾರದು. ಸತ್ತವರನ್ನು ಹಾಗೆಯೇ ಬಿಟ್ಟು ಹೋಗದೆ ಕ್ರಮವರಿತು ಕಳಿಸಿಕೊಡುವ ಜನ ಅಲ್ಲಿದ್ದರು ಎಂಬುದಷ್ಟೇ ಇದರ ತಾತ್ಪರ್ಯ. ಪ್ರಪಂಚದಲ್ಲಿ ಈವರೆಗೆ ತಿಳಿದಿರುವ ಅತ್ಯಂತ ಹಳೆಯ ದಹನಸಂಸ್ಕಾರ ಇದೇ. ಈಕೆಗೆ 'ಮುಂಗೋ ಮಹಿಳೆ' ಎಂಬ ಹೆಸರು ಬಂದಿತು.

ಈ ಶೋಧದ ಕಾಲವನ್ನು ಗಮನಿಸಿ. ಆಸ್ಟ್ರೇಲಿಯದ ಸಂವಿಧಾನದಲ್ಲಿ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕದಿಂದ ಹೊರಗಿಡುತ್ತಿದ್ದ ವಾಕ್ಯವನ್ನು ತೆಗೆದುಹಾಕಲು ಜನಮತಗಣನೆ ನಡೆದದ್ದು 1967ರಲ್ಲಿ, ಅಂದರೆ ಕೇವಲ ಒಂದು ವರ್ಷದ ಹಿಂದೆ. 1960ರ ದಶಕದ ಆರಂಭದವರೆಗೂ ಮೂಲನಿವಾಸಿಗಳು ಆ ಖಂಡಕ್ಕೆ ಬಂದು ಕೆಲವೇ ಸಾವಿರ ವರ್ಷಗಳಾಗಿರಬೇಕು ಎಂದು ಅನೇಕರು ನಂಬಿದ್ದರು. ಅವರ ಬದುಕಿಗೆ ಇತಿಹಾಸವೇ ಇಲ್ಲ ಎಂಬ ಧೋರಣೆಯೂ ಪ್ರಬಲವಾಗಿತ್ತು. ಮುಂಗೋ ಮಹಿಳೆ ಅದನ್ನು ಬುಡಮೇಲು ಮಾಡಿದಳು.

1974: ಕೆಂಪು ಮಣ್ಣಿನ ಸಮಾಧಿ

1974ರ ಫೆಬ್ರವರಿ 26ರಂದು, ಭಾರಿ ಮಳೆಯ ನಂತರ, ಬೌಲರ್ ಅವರಿಗೆ ಮೊದಲಿನ ಸ್ಥಳದಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ ತಲೆಬುರುಡೆಯ ತುದಿಯೊಂದು ಮರಳಿನಿಂದ ಹೊರಗೆ ಕಂಡಿತು. ಈ ಬಾರಿ ದೊರೆತದ್ದು ಹೂಳಿದ ಪೂರ್ಣ ದೇಹ. ಕೈಬೆರಳುಗಳನ್ನು ಹೆಣೆದು ತೊಡೆಗಳ ಸಂದಿನಲ್ಲಿ ಇರಿಸಿದ್ದರು. ದೇಹದ ಮೇಲೆ ಕಾವಿಮಣ್ಣನ್ನು ಉದುರಿಸಿದ್ದರು. ಆ ಕೆಂಪು ಮಣ್ಣು ಮುಂಗೋದಲ್ಲಿ ಸಿಗುವಂಥದಲ್ಲ, ದೂರದಿಂದ ತಂದದ್ದು.

ಈತನಿಗೆ ಸುಮಾರು ಐವತ್ತು ವರ್ಷ ವಯಸ್ಸಾಗಿತ್ತು. ಬಲಮೊಣಕೈಯ ಕೀಲು ತೀವ್ರವಾಗಿ ಸವೆದಿತ್ತು. ಅದು ಜೀವಮಾನವಿಡೀ ಭರ್ಜಿ ಎಸೆದ ಕೈಯ ಗುರುತಾಗಿರಬಹುದು ಎಂಬುದು ತಜ್ಞರ ಊಹೆ. ಕೆಳದವಡೆಯ ಎರಡು ಕೋರೆಹಲ್ಲುಗಳು ಬಹಳ ಹಿಂದೆಯೇ ಹೋಗಿದ್ದವು. ಬಹುಶಃ ಯೌವನದಲ್ಲಿ ದೀಕ್ಷೆಯ ವಿಧಿಯಾಗಿ ತೆಗೆದಿರಬಹುದು. ಸುತ್ತಲ ಪದರಗಳಲ್ಲಿ ಒಲೆಗಳು, ಸಿಹಿನೀರಿನ ಕಪ್ಪೆಚಿಪ್ಪುಗಳು, ಮೀನಿನ ಮೂಳೆಗಳು, ಎಮು ಹಕ್ಕಿಯ ಮೊಟ್ಟೆಚಿಪ್ಪುಗಳು, ಕಲ್ಲಿನ ಉಪಕರಣಗಳು ಹೇರಳವಾಗಿ ದೊರೆತಿವೆ. ಸರೋವರದಲ್ಲಿ ನೀರಿದ್ದಾಗ ದಂಡೆಯ ಮೇಲಿನ ಬದುಕು ಸಮೃದ್ಧವಾಗಿತ್ತು ಎಂಬುದಕ್ಕೆ ಇವು ಸಾಕ್ಷಿ.

ಇಂಗಾಲದ ಗಡಿಯಾರ ತಡವರಿಸುವ ಜಾಗ

ಈಗ ಕಾಲನಿರ್ಣಯದ ಪ್ರಶ್ನೆಗೆ ಬರೋಣ. ಮೊದಲು ಬಳಸಿದ್ದು ನಿಮಗೆ ಪಠ್ಯಪುಸ್ತಕದಿಂದ ಪರಿಚಿತವಾದ ಇಂಗಾಲ-14ರ ವಿಧಾನ. ಜೀವಿ ಸತ್ತ ಮೇಲೆ ಹೊಸ ಇಂಗಾಲ ಸೇರುವುದು ನಿಲ್ಲುತ್ತದೆ. ಇರುವ ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧದಷ್ಟಾಗುತ್ತ ಹೋಗುತ್ತದೆ. ಈ ವಿಧಾನದಿಂದ ಮುಂಗೋ ಮಹಿಳೆಗೆ ಸಂಬಂಧಿಸಿದ ಮಾದರಿಗಳಿಗೆ ಸುಮಾರು 25,000ದಿಂದ 32,000 ವರ್ಷಗಳವರೆಗಿನ ಕಾಲ ದೊರೆಯಿತು. ಅಂದಿಗೆ ಅದೇ ಬೆರಗಿನ ಸಂಗತಿ. ಆದರೆ ಅಲ್ಲೊಂದು ತೊಡಕಿತ್ತು.

ಒಂದು ಲೆಕ್ಕ ಮಾಡಿ ನೋಡಿ. 40,000 ವರ್ಷವೆಂದರೆ ಸುಮಾರು ಏಳು ಅರ್ಧಾಯುಗಳು. ಎರಡನ್ನು ಏಳು ಸಲ ಗುಣಿಸಿದರೆ 128. ಅಂದರೆ ಮೊದಲಿದ್ದ ಇಂಗಾಲ-14ರಲ್ಲಿ 128ರಲ್ಲಿ ಒಂದು ಪಾಲು, ಶೇಕಡಾ 0.8ರಷ್ಟು ಮಾತ್ರ ಉಳಿದಿರುತ್ತದೆ. ಇನ್ನು ಆ ಮಾದರಿಗೆ ಬೇರುಗಳಿಂದಲೋ ಇಂಗಿದ ನೀರಿನಿಂದಲೋ ಶೇಕಡಾ ಒಂದರಷ್ಟು ಹೊಸ ಇಂಗಾಲ ಸೇರಿತೆಂದು ಇಟ್ಟುಕೊಳ್ಳಿ. ಆಗ ಉಪಕರಣಕ್ಕೆ ಕಾಣುವುದು ಸುಮಾರು ಶೇಕಡಾ 1.8. ಅದಕ್ಕೆ ಹೊಂದುವ ಕಾಲ ಸುಮಾರು 33,000 ವರ್ಷ. ಒಂದು ಪ್ರತಿಶತ ಕಲಬೆರಕೆ ಏಳು ಸಾವಿರ ವರ್ಷಗಳನ್ನು ನುಂಗಿ ಹಾಕಿತು! ಲಕ್ಷ ವರ್ಷದ ಹಳೆಯ ಮಾದರಿಗೂ ಇಷ್ಟೇ ಕಲಬೆರಕೆಯಾದರೆ ಅದು ಸುಮಾರು 38,000 ವರ್ಷದ್ದೆಂದು ತೋರುತ್ತದೆ. ಆದ್ದರಿಂದ ಈ ವಿಧಾನದ ಮಿತಿಯ ಬಳಿ ಬಂದಾಗ ದೊರೆಯುವ ಸಂಖ್ಯೆಯನ್ನು 'ಕನಿಷ್ಠ ಇಷ್ಟು' ಎಂದು ಓದುವುದು ಕ್ಷೇಮ. ಬೇರೆಯದೇ ತತ್ತ್ವದ ಮೇಲೆ ನಡೆಯುವ ಇನ್ನೊಂದು ಗಡಿಯಾರ ಬೇಕಾಗಿತ್ತು.

ಮರಳು ಬೆಳಕು ಕಂಡ ಕೊನೆಯ ದಿನ

ಆ ಗಡಿಯಾರ ಮರಳಿನಲ್ಲಿಯೇ ಇತ್ತು. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಅವುಗಳ ವಿಕಿರಣವೂ ವಿಶ್ವಕಿರಣಗಳೂ ಮರಳಿನ ಕ್ವಾರ್ಟ್ಸ್ ಕಣಗಳ ಮೇಲೆ ಸದಾ ಬೀಳುತ್ತಿರುತ್ತವೆ. ಇದರಿಂದ ಸ್ಫಟಿಕದೊಳಗಿನ ಕೆಲವು ಎಲೆಕ್ಟ್ರಾನುಗಳು ತಮ್ಮ ಸ್ಥಾನ ಬಿಟ್ಟು ಸ್ಫಟಿಕದ ಲೋಪಗಳಲ್ಲಿ ಸಿಕ್ಕಿಬೀಳುತ್ತವೆ. ಕತ್ತಲೆಯಲ್ಲಿ ಹೂತಿರುವಷ್ಟು ಕಾಲ ಹೀಗೆ ಸೆರೆಸಿಕ್ಕವುಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಬಿಸಿಲು ಬಿದ್ದರೆ ಸಾಕು, ಅಲ್ಪಕಾಲದಲ್ಲಿಯೇ ಅವು ಬಿಡುಗಡೆಯಾಗಿ ಲೆಕ್ಕ ಸೊನ್ನೆಗೆ ಬರುತ್ತದೆ.

ಈಗ ದಿಬ್ಬವನ್ನು ನೆನಪಿಸಿಕೊಳ್ಳಿ. ಗಾಳಿಯಲ್ಲಿ ಹಾರುತ್ತ ಬಂದ ಮರಳಿನ ಕಣ ಬಿಸಿಲಿನಲ್ಲಿ ಚೆನ್ನಾಗಿ ಮಿಂದಿರುತ್ತದೆ. ಅದರ ಮೇಲೆ ಮತ್ತಷ್ಟು ಮರಳು ಬಿದ್ದ ಕ್ಷಣದಿಂದ ಅದರ ಗಡಿಯಾರ ಶುರುವಾಗುತ್ತದೆ. ವಿಜ್ಞಾನಿಗಳು ಲೋಹದ ಕೊಳವೆಯನ್ನು ಪದರಕ್ಕೆ ಹೊಡೆದು, ಬೆಳಕು ತಾಗದಂತೆ ಮರಳನ್ನು ತೆಗೆದು, ಮಂದ ಕೆಂಪು ಬೆಳಕಿನ ಪ್ರಯೋಗಾಲಯಕ್ಕೆ ತರುತ್ತಾರೆ. ಅಲ್ಲಿ ಅದರ ಮೇಲೆ ನಿರ್ದಿಷ್ಟ ಬಣ್ಣದ ಬೆಳಕನ್ನು ಹಾಯಿಸುತ್ತಾರೆ. ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಹೊರಬಂದು ತಮ್ಮದೇ ಬೆಳಕನ್ನು ಸೂಸುತ್ತವೆ. ಆ ದೀಪ್ತಿಯ ಅಳತೆಯಿಂದ ಕಣ ಹೀರಿಕೊಂಡ ಒಟ್ಟು ವಿಕಿರಣ ತಿಳಿಯುತ್ತದೆ. ಅದನ್ನು ಆ ಮಣ್ಣಿನಲ್ಲಿ ವರ್ಷಕ್ಕೆ ದೊರೆಯುವ ವಿಕಿರಣದಿಂದ ಭಾಗಿಸಿದರೆ ಕಾಲ ಸಿಗುತ್ತದೆ. ಉದಾಹರಣೆಗೆ, ಒಟ್ಟು 40 ಗ್ರೇ, ಸಾವಿರ ವರ್ಷಕ್ಕೆ 1 ಗ್ರೇ ಎಂದಾದರೆ ಕಾಲ 40,000 ವರ್ಷ. ಈ ವಿಧಾನದ ಅಡಿಗಲ್ಲು ಬಿದ್ದದ್ದು 1985ರಲ್ಲಿ, ಕೆನಡಾದ ಹಂಟ್ಲಿ ಮತ್ತು ಸಹೋದ್ಯೋಗಿಗಳ ಸಂಶೋಧನೆಯಿಂದ. ಇಲ್ಲಿಯೂ ಎಚ್ಚರಿಕೆ ಬೇಕು. ಮಣ್ಣಿನಲ್ಲಿನ ತೇವಾಂಶ ಸ್ವಲ್ಪ ವಿಕಿರಣವನ್ನು ಹೀರುವುದರಿಂದ ಸಾವಿರಾರು ವರ್ಷಗಳ ತೇವಾಂಶವನ್ನು ಅಂದಾಜು ಮಾಡಬೇಕಾಗುತ್ತದೆ.

ವಿಧಾನಗಳು ಹೆಚ್ಚಿದಂತೆ ವಿವಾದವೂ ಎದ್ದಿತು. 1999ರಲ್ಲಿ ಥಾರ್ನ್ ಮತ್ತು ಸಂಗಡಿಗರು ಮುಂಗೋ ಪುರುಷನ ಕಾಲ 62,000 ವರ್ಷ ಎಂದು ಪ್ರಕಟಿಸಿದರು. ಆರು ಸಾವಿರ ವರ್ಷ ಹೆಚ್ಚುಕಡಿಮೆ ಇರಬಹುದೆಂದೂ ಹೇಳಿದರು. ಮೂಳೆಯ ಯುರೇನಿಯಂ, ಹಲ್ಲಿನ ಎನಾಮಲ್‌ನ ಎಲೆಕ್ಟ್ರಾನ್ ಸ್ಪಿನ್ ಅನುರಣನ, ಮರಳಿನ ದೀಪ್ತಿ ಈ ಮೂರನ್ನೂ ಅವರು ಬಳಸಿದ್ದರು. ದಿಬ್ಬದ ಪದರಗಳನ್ನು ಮೂವತ್ತು ವರ್ಷ ಓದಿದ್ದ ಬೌಲರ್ ಒಪ್ಪಲಿಲ್ಲ. ಮೂಳೆ ಹೂತ ಮೇಲೂ ಯುರೇನಿಯಂ ಹೀರುತ್ತಿರುತ್ತದೆ. ಅದು ಯಾವಾಗ ಎಷ್ಟು ಹೀರಿತು ಎಂಬುದು ಊಹೆಗೆ ಬಿಟ್ಟದ್ದು. ದೀಪ್ತಿಗಾಗಿ ತೆಗೆದ ಮರಳು ಸಮಾಧಿಯಿಂದ ನೂರಾರು ಮೀಟರ್ ದೂರದ್ದು. ಇವು ಮುಖ್ಯ ಆಕ್ಷೇಪಣೆಗಳು.

ಬೌಲರ್ ಮತ್ತು ಬೇರೆ ಬೇರೆ ಪ್ರಯೋಗಾಲಯಗಳ ತಜ್ಞರು ಎರಡೂ ಸಮಾಧಿಗಳ ಬಳಿಯ ಪದರಗಳಿಂದ ಹೊಸ ಮಾದರಿಗಳನ್ನು ತೆಗೆದು, ತಾಳೆ ನೋಡಿ, 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮಹಿಳೆ, ಪುರುಷ ಇಬ್ಬರ ಸಮಾಧಿಯೂ ಸುಮಾರು 40,000 ವರ್ಷ ಹಿಂದಿನದು, ಎರಡು ಸಾವಿರ ವರ್ಷ ಹೆಚ್ಚುಕಡಿಮೆ. ಕೆಳಗಿನ ಪದರಗಳ ಕಲ್ಲಿನ ಉಪಕರಣಗಳ ಪ್ರಕಾರ ಜನ ಅಲ್ಲಿಗೆ ಬಂದದ್ದು ಅದಕ್ಕೂ ಮೊದಲು, ಸುಮಾರು 46,000ದಿಂದ 50,000 ವರ್ಷಗಳ ಹಿಂದೆ. ಒಂದು ಸಂಖ್ಯೆ 62ರಿಂದ 40 ಸಾವಿರಕ್ಕೆ ಇಳಿದದ್ದು ವಿಜ್ಞಾನದ ಸೋಲಲ್ಲ. ಮಾದರಿ ಎಲ್ಲಿಯದು ಎಂಬುದು ಉಪಕರಣದ ನಿಖರತೆಯಷ್ಟೇ ಮುಖ್ಯ ಎಂಬ ಪಾಠ ಅದರಲ್ಲಿದೆ.

ಒಲೆಯಲ್ಲಿ ಸೆರೆಸಿಕ್ಕ ಕಾಂತಕ್ಷೇತ್ರ

ಭೌತವಿಜ್ಞಾನದ ವಿದ್ಯಾರ್ಥಿಗಳು ಮುಂಗೋವನ್ನು ನೆನಪಿಡಲು ಇನ್ನೊಂದು ಕಾರಣವಿದೆ. ಅಲ್ಲಿನ ಜನ ಅಡುಗೆಗೆ ನೆಲದಲ್ಲಿ ಗುಂಡಿ ತೋಡಿ, ಜೇಡಿಮಣ್ಣಿನ ಹೆಂಟೆಗಳನ್ನು ಕೆಂಪಗೆ ಕಾಯಿಸಿ, ಅದರ ಕಾವಿನಲ್ಲಿ ಆಹಾರ ಬೇಯಿಸುತ್ತಿದ್ದರು. ಜೇಡಿಯಲ್ಲಿ ಕಬ್ಬಿಣದ ಆಕ್ಸೈಡುಗಳಿರುತ್ತವೆ. ಅವನ್ನು ಕ್ಯೂರಿ ತಾಪಕ್ಕಿಂತ ಹೆಚ್ಚು ಕಾಯಿಸಿದರೆ (ಮ್ಯಾಗ್ನಟೈಟ್‌ಗೆ ಇದು ಸುಮಾರು 580 ಡಿಗ್ರಿ ಸೆಲ್ಸಿಯಸ್) ಅವುಗಳ ಹಳೆಯ ಕಾಂತತ್ವ ಅಳಿಸಿಹೋಗುತ್ತದೆ. ತಣ್ಣಗಾಗುವಾಗ ಆ ಕ್ಷಣದ ಭೂಕಾಂತಕ್ಷೇತ್ರದ ದಿಕ್ಕಿಗೆ ಅನುಗುಣವಾಗಿ ಹೊಸ ಕಾಂತತ್ವ ನೆಲೆಗೊಳ್ಳುತ್ತದೆ. ಒಲೆಯನ್ನು ಮತ್ತೆ ಯಾರೂ ಕದಲಿಸದಿದ್ದರೆ ಆ ದಿಕ್ಕು ಸಹಸ್ರಾರು ವರ್ಷ ಹಾಗೆಯೇ ಉಳಿಯುತ್ತದೆ.

ಮೈಕ್ ಬಾರ್ಬೆಟ್ಟಿ ಮತ್ತು ಮೆಕ್‌ಎಲ್ಹಿನ್ನಿ ಮುಂಗೋದ ಒಲೆಗಳನ್ನು ಅಳೆದು 1972ರಲ್ಲಿ ಒಂದು ಅಚ್ಚರಿಯನ್ನು ವರದಿ ಮಾಡಿದರು. ಇಂಗಾಲ-14ರ ಪ್ರಕಾರ ಸುಮಾರು 30,000 ವರ್ಷಗಳಷ್ಟು ಹಳೆಯ ಕೆಲವು ಒಲೆಗಳಲ್ಲಿ ಕಾಂತಕ್ಷೇತ್ರದ ದಿಕ್ಕು ಸಾಮಾನ್ಯ ಸ್ಥಿತಿಯಿಂದ 120 ಡಿಗ್ರಿಯವರೆಗೂ ಸರಿದಿತ್ತು. ತೀವ್ರತೆ ಒಂದು ಹಂತದಲ್ಲಿ 100ರಿಂದ 200 ಮೈಕ್ರೋಟೆಸ್ಲಾ ಇತ್ತು. ಇಂದು ಭೂಮಿಯ ಮೇಲ್ಮೈಯಲ್ಲಿ ಇದು 25ರಿಂದ 65ರ ನಡುವೆ ಇರುತ್ತದೆ. ಇದಕ್ಕೆ 'ಮುಂಗೋ ವಿಚಲನೆ' ಎಂಬ ಹೆಸರು ಬಂದಿತು. ಇಡೀ ಭೂಮಿಯಲ್ಲಿ ನಡೆದ ಘಟನೆಯೇ, ಸ್ಥಳೀಯ ಕಾರಣವೇ ಎಂಬ ಚರ್ಚೆ ಆಮೇಲೆ ನಡೆದಿದೆ. ಅದು ಹೇಗೇ ಇರಲಿ, ಹೊಟ್ಟೆಪಾಡಿಗೆ ಹೊತ್ತಿಸಿದ ಒಲೆಯೊಂದು ಭೂಗರ್ಭದ ಸ್ಥಿತಿಯನ್ನು ದಾಖಲಿಸಿಕೊಂಡಿರುವುದು ಚಿಕ್ಕ ಸಂಗತಿಯಲ್ಲ.

ಕೇಳದೆ ಒಯ್ದ ಪೂರ್ವಜರು

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆಗೆ ಬರಬೇಕು. ಮುಂಗೋದ ಬಯಲು ಯಾರೂ ಇಲ್ಲದ ಜಾಗವಾಗಿರಲಿಲ್ಲ. ಅದು ಮುತ್ತಿ ಮುತ್ತಿ, ಪಾಕಾಂಟ್ಯಿ (ಬಾರ್ಕಿಂಜಿ ಎಂದೂ ಕರೆಯುತ್ತಾರೆ) ಮತ್ತು ಙಿಯಂಪಾ ಎಂಬ ಮೂರು ಮೂಲನಿವಾಸಿ ಸಮುದಾಯಗಳ ನೆಲ. 1969ರಲ್ಲಾಗಲಿ 1974ರಲ್ಲಾಗಲಿ ಮೂಳೆಗಳನ್ನು ತೆಗೆದು ಒಯ್ಯುವಾಗ ಅವರನ್ನು ಯಾರೂ ಕೇಳಲಿಲ್ಲ. ವಿಜ್ಞಾನಿಗಳಿಗೆ ಅವು ಮಾದರಿಗಳು. ಆ ಜನಕ್ಕೆ ಅವರು ಅಜ್ಜಿ, ಅಜ್ಜ. ಅಜ್ಜಿಯ ಮೂಳೆಗಳು ದೂರದ ಊರಿನ ಕಪಾಟಿನಲ್ಲಿ ಸಂಖ್ಯೆ ಅಂಟಿಸಿಕೊಂಡು ಕುಳಿತಿವೆ ಎಂದು ತಿಳಿದರೆ ನಮ್ಮ ಮನೆಗಳಲ್ಲಿ ಏನಾಗಬಹುದೋ, ಅಲ್ಲೂ ಅದೇ ಆಯಿತು.

ಮುತ್ತಿ ಮುತ್ತಿ ಸಮುದಾಯದ ಹಿರಿಯರಾದ ಆಲಿಸ್ ಕೆಲ್ಲಿ ಮೊದಲಾದವರು ಈ ಪ್ರಶ್ನೆಯನ್ನು ಎತ್ತಿದರು. ಹಲವು ವರ್ಷಗಳ ಮಾತುಕತೆಯ ಬಳಿಕ 1992ರಲ್ಲಿ ಮುಂಗೋ ಮಹಿಳೆಯನ್ನು ಮೂರು ಸಮುದಾಯಗಳಿಗೆ ಯಾವ ಷರತ್ತೂ ಇಲ್ಲದೆ ಹಿಂದಿರುಗಿಸಲಾಯಿತು. ಆಸ್ಟ್ರೇಲಿಯವು ವಲಸಿಗರು ಬರುವ ಮುನ್ನ ಯಾರ ಸ್ವತ್ತೂ ಆಗಿರಲಿಲ್ಲ ಎಂಬ ವಾದವನ್ನು ಆ ದೇಶದ ಉಚ್ಚ ನ್ಯಾಯಾಲಯ 'ಮಾಬೊ' ಮೊಕದ್ದಮೆಯಲ್ಲಿ ತಳ್ಳಿಹಾಕಿದ್ದೂ ಅದೇ ವರ್ಷ. ಮುಂಗೋ ರಾಷ್ಟ್ರೀಯ ಉದ್ಯಾನದ ಭದ್ರ ಕೋಣೆಯಲ್ಲಿ ಆಕೆಯನ್ನು ಇರಿಸಿದರು. ಆ ಕೋಣೆಗೆ ಎರಡು ಬೀಗ. ಒಂದರ ಕೈ ಸಮುದಾಯದವರ ಬಳಿ, ಇನ್ನೊಂದರ ಕೈ ಪುರಾತತ್ತ್ವಜ್ಞರ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯಬೇಕು.

ಒಪ್ಪಿಗೆ ಕೇಳುವುದರಿಂದ ವಿಜ್ಞಾನಕ್ಕೆ ಅಡ್ಡಿಯಾಗುತ್ತದೆ ಎಂಬ ಭಯ ಹಲವರಲ್ಲಿತ್ತು. ಎರಡು ಉದಾಹರಣೆ ನೋಡಿ. 2001ರಲ್ಲಿ ಮುಂಗೋ ಪುರುಷನ ಡಿಎನ್‌ಎ ದೊರೆತಿದೆ, ಅದು ಇಂದಿನ ಯಾವ ಮನುಷ್ಯರಿಗೂ ಹೊಂದದ ಬಹು ಹಳೆಯ ಕವಲು ಎಂಬ ವರದಿ ಬಂದಿತ್ತು. ಅದನ್ನು ಹಿಡಿದು, ಈಗಿನ ಮೂಲನಿವಾಸಿಗಳು ಮೊದಲ ನೆಲೆಗಾರರೇ ಅಲ್ಲ ಎಂದು ವಾದಿಸಿದವರೂ ಇದ್ದರು. ಮೂರೂ ಸಮುದಾಯಗಳ ಅನುಮತಿ ಪಡೆದು ಹೊಸ ತಂತ್ರದಿಂದ ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶವೇ ಬೇರೆ. ಆ ಮಾದರಿಯಲ್ಲಿ ದೊರೆತದ್ದು ಐವರು ಐರೋಪ್ಯರ ಡಿಎನ್‌ಎ, ಅಂದರೆ ಮೂಳೆಯನ್ನು ಮುಟ್ಟಿದ ಆಧುನಿಕ ಕೈಗಳ ಕಲಬೆರಕೆ. ಹಳೆಯ ವಾದಕ್ಕೆ ಆಧಾರವೇ ಉಳಿಯಲಿಲ್ಲ. ಒಪ್ಪಿಗೆ ಪಡೆದು ಮಾಡಿದ ಪರೀಕ್ಷೆ ಇಲ್ಲಿ ವಿಜ್ಞಾನದ ತಪ್ಪನ್ನು ತಿದ್ದಿತು.

ಎರಡನೆಯದು ಹೆಜ್ಜೆ ಗುರುತುಗಳು. 2003ರಲ್ಲಿ ಮುತ್ತಿ ಮುತ್ತಿ ಸಮುದಾಯದ ಯುವತಿ ಮೇರಿ ಪ್ಯಾಪಿನ್ ಅವರಿಗೆ ವಿಲಾಂಡ್ರದ ಒಣ ಜೇಡಿಯ ನೆಲದಲ್ಲಿ ಪಾದದ ಗುರುತೊಂದು ಕಂಡಿತು. ಪುರಾತತ್ತ್ವಜ್ಞ ಸ್ಟೀವ್ ವೆಬ್ ಅವರ ಮುಂದಾಳತ್ವದಲ್ಲಿ, ಸಮುದಾಯದವರ ಜೊತೆಗೂಡಿ ನಡೆದ ಶೋಧದಲ್ಲಿ ನೂರಾರು ಗುರುತುಗಳು ಹೊರಬಂದವು. ಗಂಡಸರು, ಹೆಂಗಸರು, ಮಕ್ಕಳು ಹಸಿ ಜೇಡಿಯ ಮೇಲೆ ನಡೆದಿದ್ದರು, ಓಡಿದ್ದರು. ಮರಳಿನ ದೀಪ್ತಿಯ ಅಳತೆಯಂತೆ ಅವುಗಳ ಕಾಲ 19,000ದಿಂದ 23,000 ವರ್ಷ. ಒಂದು ಸಾಲು ಮಾತ್ರ ವಿಜ್ಞಾನಿಗಳಿಗೆ ಅರ್ಥವಾಗಲಿಲ್ಲ: ಬರಿಯ ಬಲಗಾಲಿನ ಗುರುತುಗಳು. ಎಡಗಾಲು ಎಲ್ಲಿ? ಮಧ್ಯ ಆಸ್ಟ್ರೇಲಿಯದಿಂದ ಪಿಂಟುಪಿ ಜನಾಂಗದ ಜಾಡುಗಾರರನ್ನು ಕರೆಸಿದರು. ಮರಳಿನ ಮೇಲಿನ ಗುರುತನ್ನು ಬಾಲ್ಯದಿಂದ ಓದಿ ಬೆಳೆದ ಅವರು, ಇವು ಒಂಟಿ ಕಾಲಿನ ಮನುಷ್ಯನ ಹೆಜ್ಜೆಗಳು, ಅವನು ಕುಪ್ಪಳಿಸುತ್ತ ವೇಗವಾಗಿ ಸಾಗಿದ್ದಾನೆ ಎಂದು ಓದಿ ಹೇಳಿದರು. ಯಾವ ಪದವಿಯೂ ಕೊಡದ ಈ ವಿದ್ಯೆ ಇಲ್ಲದಿದ್ದರೆ ಆ ಸಾಲು ಒಗಟಾಗಿಯೇ ಉಳಿಯುತ್ತಿತ್ತು. ಅಧ್ಯಯನದ ಬಳಿಕ ಗುರುತುಗಳು ಹಾಳಾಗದಂತೆ ಮತ್ತೆ ಮರಳು ಮುಚ್ಚಿ ರಕ್ಷಿಸಲಾಯಿತು.

ಮರಳಿ ಮಣ್ಣಿಗೆ

ಮುಂಗೋ ಪುರುಷ ನಲವತ್ತಕ್ಕೂ ಹೆಚ್ಚು ವರ್ಷ ಕ್ಯಾನ್‌ಬೆರಾದಲ್ಲಿದ್ದ. 2017ರ ನವೆಂಬರ್ 17ರಂದು ಆತನನ್ನು, ಆ ಪ್ರದೇಶದ ಇತರ ನೂರಕ್ಕೂ ಹೆಚ್ಚು ಪೂರ್ವಜರ ಅವಶೇಷಗಳೊಡನೆ, ಊರಿಗೆ ಕರೆತಂದರು. ಎಂಟು ಸಾವಿರ ವರ್ಷ ಹಳೆಯ ಕೆಂಪು ನೀಲಗಿರಿ ಜಾತಿಯ ಮರದಿಂದ ಶವಪೆಟ್ಟಿಗೆ ಮಾಡಿದ್ದರು. ಕಪ್ಪು ಶವವಾಹನದಲ್ಲಿ ಪ್ರಯಾಣ. ದಾರಿಯ ಊರುಗಳಲ್ಲಿ ಜನ ನಿಂತು ಗೌರವ ಸಲ್ಲಿಸಿದರು.

ಮುಂದೇನು ಎಂಬ ವಿಷಯದಲ್ಲಿ ಒಮ್ಮತವಿರಲಿಲ್ಲ. ಮೂರು ಸಮುದಾಯಗಳ ಪ್ರತಿನಿಧಿಗಳ ಮಂಡಲಿ ಎಲ್ಲರನ್ನೂ ಮರಳಿ ಹೂಳಬೇಕೆಂದು ನಿರ್ಧರಿಸಿತು. ಮುಂದಿನ ತಲೆಮಾರಿನ ವಿಜ್ಞಾನಿಗಳಿಗೆ, ಅವರಲ್ಲಿ ಮೂಲನಿವಾಸಿ ವಿಜ್ಞಾನಿಗಳೂ ಇರಬಹುದು, ಪ್ರಶ್ನೆ ಕೇಳುವ ಅವಕಾಶವೇ ತಪ್ಪುತ್ತದೆ ಎಂದು ಕೆಲವು ಸಂಶೋಧಕರು ಆತಂಕಪಟ್ಟರು. ಗುಟ್ಟಾಗಿ ಹೂಳುವ ಬದಲು ಗೌರವದ ಸ್ಮಾರಕವೊಂದರಲ್ಲಿ ಇರಿಸಬೇಕೆಂಬುದು ಬೌಲರ್ ಅವರ ಅಭಿಪ್ರಾಯವಾಗಿತ್ತು. ಮುತ್ತಿ ಮುತ್ತಿ ಸಮುದಾಯದಲ್ಲೇ ಕೆಲವರು ಹೂಳುವುದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 108 ಪೂರ್ವಜರ ಅವಶೇಷಗಳ ಮರುಸಮಾಧಿಗೆ ಅನುಮತಿ ನೀಡಿತು. ಮೇ ತಿಂಗಳಲ್ಲಿ ಮುಂಗೋ ಮಹಿಳೆಯನ್ನೂ ಮುಂಗೋ ಪುರುಷನನ್ನೂ ಹೊರಗಿನವರಿಗೆ ತಿಳಿಸದ ಜಾಗದಲ್ಲಿ ಮಣ್ಣಿಗೆ ಒಪ್ಪಿಸಲಾಯಿತು.

ಇದರಿಂದ ವಿಜ್ಞಾನಕ್ಕೆ ನಷ್ಟವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಹತ್ತಿಪ್ಪತ್ತು ವರ್ಷಗಳಲ್ಲಿ ಬರಬಹುದಾದ ಹೊಸ ತಂತ್ರಗಳಿಗೆ ಆ ಮೂಳೆಗಳು ಇನ್ನು ಸಿಗುವುದಿಲ್ಲ. ಆದರೆ ಅವುಗಳ ಕಾಲವನ್ನು ಕೊನೆಗೆ ಹೇಳಿದ್ದು ಮೂಳೆಗಳಲ್ಲ, ಅವುಗಳನ್ನು ಮುಚ್ಚಿದ್ದ ಮರಳು. ಆ ಮರಳು ಅಲ್ಲೇ ಇದೆ. ಒಲೆಗಳು, ಚಿಪ್ಪುಗಳು, ಹೆಜ್ಜೆಗಳು ಅಲ್ಲೇ ಇವೆ. ಅವನ್ನು ಓದಲು ಆ ನೆಲದ ಜನರ ಸಹಕಾರ ಬೇಕು. 1969ರಲ್ಲಿ ಒಂದು ಮಾತು ಕೇಳಿದ್ದರೆ ನಂಬಿಕೆ ಅಂದೇ ಬೆಳೆಯುತ್ತಿತ್ತು, ಕೊನೆಯ ತೀರ್ಮಾನ ಬಹುಶಃ ಬೇರೆಯಾಗುತ್ತಿತ್ತು. ಕೇಳದೆ ಪಡೆದದ್ದರ ಬೆಲೆಯನ್ನು ವಿಜ್ಞಾನ ಐವತ್ತು ವರ್ಷಗಳ ನಂತರ ತೆತ್ತಿತು.

ತರಗತಿಯಲ್ಲಿ

ಶಿಕ್ಷಕರು ಮುಂಗೋದ ಉದಾಹರಣೆಯನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದು. ಅರ್ಧಾಯುವಿನ ಪಾಠ ಮಾಡುವಾಗ ಮೇಲೆ ಹೇಳಿದ ಕಲಬೆರಕೆಯ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. ಕಲಬೆರಕೆ ಶೇಕಡಾ ಅರ್ಧವಾದರೆ, ಎರಡಾದರೆ ಕಾಲ ಎಷ್ಟೆಂದು ಕಂಡುಹಿಡಿಯಲಿ, ಗ್ರಾಫ್ ಎಳೆಯಲಿ. ಇಂಗಾಲದ ಗಡಿಯಾರ ಎಲ್ಲಿ ತಡವರಿಸುತ್ತದೆ ಎಂಬುದು ಅವರಿಗೇ ಕಾಣುತ್ತದೆ. ಕಾಂತತ್ವದ ಪಾಠಕ್ಕೆ ಒಲೆಯ ಕಥೆ ಇದೆ. ಲೆಕ್ಕ ಮುಗಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಚರ್ಚೆಗೆ ಬಿಡಿ: ಆ ಕೋಣೆಗೆ ಒಂದೇ ಬೀಗ ಸಾಲುತ್ತಿರಲಿಲ್ಲವೇ, ಎರಡು ಏಕೆ? ಈ ಪ್ರಶ್ನೆಗೆ ಪುಸ್ತಕದ ಹಿಂಭಾಗದಲ್ಲಿ ಉತ್ತರವಿಲ್ಲ. ಆದರೆ ಮಾದರಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಅದು ಯಾರದು ಎಂದು ಕೇಳುವ ಅಭ್ಯಾಸವನ್ನು ಒಬ್ಬ ವಿದ್ಯಾರ್ಥಿ ಕಲಿತರೂ ಆ ತರಗತಿ ಸಾರ್ಥಕ.